ಬಕೆಟ್ ಒದ್ದವರೂ ಬಕೆಟ್ ಹಿಡಿದವರೂ

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊನ್ನೆ ಆಫೀಸಿನ ಕಾಲ್‌ನಲ್ಲಿ ಆ ಕಡೆಯವನು ‘ಲೆಟ್ಸ್ ನಾಟ್ ಬಾಯ್ಲ್ ದಿ ಓಷನ್’ ಅಂದಾಗ ತಲೆಯಾಡಿಸಿದ್ರಲ್ಲ, ನಿಜ ಹೇಳಿ, ಅರ್ಥ ಆಗಿತ್ತಾ? (ಪಕ್ಕದಲ್ಲಿ ಯಾರೂ ಇಲ್ಲ, ಹೇಳಿ ಪರವಾಗಿಲ್ಲ.) ಸಮುದ್ರ ಕುದಿಸೋಕೆ ಹೊರಟಿದ್ದವರು ಯಾರು, ಇವನ್ಯಾಕೆ ಬೇಡ ಅಂತ ತಡೆದ, ಒಂದೂ ಗೊತ್ತಾಗದೆ ‘ಎಕ್ಸಾಕ್ಟ್ಲಿ, ಎಕ್ಸಾಕ್ಟ್ಲಿ’ ಅಂದವರು ನೀವೇ ತಾನೆ?

ಆ ತಲೆಯಾಟಕ್ಕೆ ಒಂದು ಗತ್ತೇ ಬೇರೆ ಇದೆ ಕಣ್ರೀ. ಹೌದು ಅನ್ನೋದೂ ಅಲ್ಲ, ಇಲ್ಲ ಅನ್ನೋದೂ ಅಲ್ಲ. ಮದುವೆ ಮನೆಯಲ್ಲಿ ಗುರುತೇ ಸಿಗದ ನೆಂಟರೊಬ್ಬರು ಎದುರಿಗೆ ನಿಂತು ‘ನಾನ್ಯಾರು ಹೇಳು ನೋಡೋಣ?’ ಅಂದಾಗ ಮುಖಕ್ಕೆ ಒಂದು ನಗು ಅಂಟಿಸಿಕೊಂಡು ಆಡಿಸ್ತೀವಲ್ಲ, ಥೇಟ್ ಅದು. ಒಳಗೆ ಪ್ರಾಣ ಹೋಗ್ತಿರುತ್ತೆ, ಹೊರಗೆ ಪರಮಾನಂದ.

ನಿಮ್ಮ ಹತ್ತಿರ ಇನ್ನೂ ಉಪಾಯಗಳಿವೆ, ನಂಗೊತ್ತು. ಎಲ್ಲರೂ ನಕ್ಕ ಮೇಲೆ ಅರ್ಧ ಸೆಕೆಂಡು ಬಿಟ್ಟು ನಗೋದು ಒಂದು. ‘ಸಾರಿ, ಯುವರ್ ವಾಯ್ಸ್ ಈಸ್ ಬ್ರೇಕಿಂಗ್’ ಅನ್ನೋದು ಇನ್ನೊಂದು. (ಪಾಪ, ಆ ನೆಟ್‌ವರ್ಕ್ ಎಷ್ಟು ಜನರ ಪಾಪ ಹೊತ್ತಿದೆಯೋ!) ಮೂರನೆಯದು ಮೇಜಿನ ಕೆಳಗೆ ಫೋನ್ ಇಟ್ಕೊಂಡು ಸದ್ದಿಲ್ಲದೆ ಗೂಗಲ್ ಮಾಡೋದು. ಮನೆಯವರಿಗೆ ಗೊತ್ತಿಲ್ಲದ ನಿಮ್ಮ ಗುಟ್ಟೆಲ್ಲ ಅವನ ಹತ್ತಿರ ಭದ್ರವಾಗಿದೆ.

ಅಂದಹಾಗೆ ಸಮುದ್ರ ಕುದಿಸಬೇಡಿ ಅಂದ್ರೆ, ಆಗದಷ್ಟು ದೊಡ್ಡ ಕೆಲಸ ಮೈಮೇಲೆ ಎಳ್ಕೋಬೇಡಿ ಅಂತ. ಅಷ್ಟೇ. ಆಗ ಕೇಳಿದ್ದರೆ ಅಲ್ಲೇ ಮುಗಿದುಹೋಗ್ತಿತ್ತು. ಆದರೆ ನೀವು ಕೇಳೋದಿಲ್ಲ. ಹತ್ತು ಹನ್ನೆರಡು ವರ್ಷ ಇಂಗ್ಲಿಷ್ ಓದಿದವರು ಈಗ ಹೋಗಿ ಕೇಳೋದಾ? ಮಾನ ಉಳೀಬೇಕಲ್ಲ.

ಸರಿ, ಬಕೆಟ್ ವಿಷಯಕ್ಕೆ ಬರೋಣ. ‘ಹೀ ಕಿಕ್ಡ್ ದಿ ಬಕೆಟ್’ ಅಂದ್ರೆ ಸತ್ತ ಅಂತ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಅನ್ನೋ ದಢೂತಿ ಕ್ಯಾಪ್ಟನ್ ಒಬ್ಬ ಲಂಡನ್ನಿನ ಪೋಲಿ ಮಾತುಗಳದ್ದೇ ಒಂದು ಡಿಕ್ಷನರಿ ತಂದ. ರಾತ್ರಿ ಹೊತ್ತು ಆಳನ್ನ ಜೊತೆಗೆ ಕರ್ಕೊಂಡು ಗಲ್ಲಿ, ಹೆಂಡದಂಗಡಿ ಸುತ್ತಿ ಆಯ್ದ ಮಾತುಗಳವು. ಬಕೆಟ್ ಒದ್ದವನು ಅದರೊಳಗೆ ಆಗಲೇ ಸತ್ತು ಮಲಗಿದಾನೆ.

‘ಯಾವ ಬಕೆಟ್ಟು? ಯಾಕೆ ಒದ್ದ? ಒದ್ದರೆ ಸಾಯೋದು ಹೆಂಗೆ?’ ಅಂತ ಲಾ ಪಾಯಿಂಟ್ ಹಾಕ್ತೀರಲ್ಲ, ನಮ್ಮ ಬೀದಿಯಲ್ಲಿ ‘ಮುದುಕಪ್ಪ ಟಿಕೆಟ್ ತಗೊಂಡ’ ಅಂದಾಗ ಯಾವ ಊರಿಗೆ ಅಂತ ಕೇಳಿದ್ರಾ? ಕೆಎಸ್‌ಆರ್‌ಟಿಸಿ ಬಸ್ಸೋ ರೈಲೋ ಅಂತ ವಿಚಾರಿಸಿದ್ರಾ? ‘ಗೊಟಕ್ ಅಂದ’ ಅಂದಾಗ ಗೊಟಕ್ ಅಂದ್ರೇನು ಅಂತ ಯಾವ ನಿಘಂಟು ತೆಗೆದ್ರಿ? ಚಕ್ಕಂತ ಗೊತ್ತಾಯ್ತು, ‘ಅಯ್ಯೋ, ಯಾವಾಗ?’ ಅಂದ್ರಿ.

ಇನ್ನೂ ಮಜಾ ಅಂದ್ರೆ, ನಮ್ಮಲ್ಲಿ ಬಕೆಟ್ ಒದೆಯೋದಿಲ್ಲ, ಹಿಡೀತೀವಿ. ಒದ್ದರೆ ಸಾವು, ಹಿಡಿದರೆ ಪ್ರಮೋಷನ್. (ನಿಮ್ಮ ಪಕ್ಕದ ಸೀಟಿನವರ ಮುಖ ನೆನಪಾಯ್ತು ಅಲ್ವಾ? ಇರಲಿ ಬಿಡಿ, ಅವರೂ ಇದನ್ನ ಓದ್ತಾ ನಿಮ್ಮ ಮುಖ ನೆನೆಸ್ಕೊಳ್ತಿರಬಹುದು.)

ಆದರೂ ಈ ಈಡಿಯಮ್‌ಗಳು ಒಳ್ಳೆಯವು ಕಣ್ರೀ. ಬಕೆಟ್ಟು, ಬೆಕ್ಕು, ನಾಯಿ, ಸಮುದ್ರ ಅಂತ ವೇಷ ಹಾಕ್ಕೊಂಡೇ ಬರ್ತವೆ. ಇಲ್ಲೇನೋ ಕಿತಾಪತಿ ಇದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ನಿಜವಾದ ಕಳ್ಳರು ಯಾರು ಅಂದ್ರೆ ಫ್ರೇಸಲ್ ವರ್ಬ್‌ಗಳು. ಸಾಧು ಮುಖ. ಎರಡೇ ಎರಡು ಸಣ್ಣ ಪದ. ಎರಡೂ ನಿಮಗೆ ಒಂದನೇ ಕ್ಲಾಸಿನಿಂದ ಗೊತ್ತು.

‘ಪುಟ್’ ಗೊತ್ತು ತಾನೆ? ‘ಆಫ್’ ಅಂತೂ ಸ್ವಿಚ್ಚಿನ ಮೇಲೇ ಬರೆದಿದೆ. ಎರಡೂ ಸೇರಿ ‘ಪುಟ್ ಆಫ್’ ಆದರೆ? ಮುಂದಕ್ಕೆ ಹಾಕೋದು. ‘ಪುಟ್ ಔಟ್’ ಅಂದ್ರೆ ಬೆಂಕಿ ಆರಿಸೋದು. ‘ಪುಟ್ ಅಪ್’ ಅಂದ್ರೆ ನೆಂಟರನ್ನ ಮನೇಲಿ ಉಳಿಸಿಕೊಳ್ಳೋದು. ಅದರ ಬಾಲಕ್ಕೆ ಒಂದು ‘ವಿತ್’ ಅಂಟಿಸಿ ನೋಡಿ, ಅದೇ ನೆಂಟರನ್ನ ಸಹಿಸಿಕೊಳ್ಳೋದು! (ಇಂಗ್ಲಿಷಿನವರಿಗೂ ಸೋದರಮಾವ ಇದ್ದಾನೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?)

‘ಪುಟ್ ಡೌನ್’ ಅಂದ್ರೆ ನಾಲ್ಕು ಜನರ ಎದುರಿಗೆ ಹೀಯಾಳಿಸೋದು. ಆದರೆ ನಾಯಿ ವಿಷಯಕ್ಕೆ ಬಂದರೆ ಹುಷಾರು. ಅಲ್ಲಿ ‘ಪುಟ್ ಡೌನ್’ ಅಂದ್ರೆ ಇಂಜೆಕ್ಷನ್ ಕೊಟ್ಟು ಶಿವನ ಪಾದ ಸೇರಿಸೋದು. ವಿದೇಶದಲ್ಲಿ ಮಗನ ಮನೆಗೆ ಹೋದಾಗ ಅವನ ನಾಯಿ ಎತ್ಕೊಂಡು ಡಾಕ್ಟರ ಹತ್ತಿರ ಹೋಗಿ, ಕೈ ನೋವು ಅಂತ ‘ಪ್ಲೀಸ್, ಪುಟ್ ಹಿಮ್ ಡೌನ್’ ಅಂದುಬಿಟ್ಟೀರಿ!

ನಿಮಗೊಬ್ಬರಿಗೇ ಈ ಸಂಕಟ ಅಂದ್ಕೋಬೇಡಿ. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತಮ್ಮ ಆ ದೊಡ್ಡ ಡಿಕ್ಷನರಿಯ ಮುನ್ನುಡಿಯಲ್ಲೇ ಈ ವಿಷಯ ಎತ್ತಿದ್ದಾರೆ. ಕ್ರಿಯಾಪದದ ಬಾಲಕ್ಕೆ ಆಫ್, ಆನ್, ಔಟ್ ಅಂತ ಸಿಕ್ಕಿಸಿ ಅರ್ಥ ತಿರುಗಿಸೋ ಈ ಅಭ್ಯಾಸ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಅಂತ ಒಪ್ಪಿಕೊಂಡಿದ್ದಾರೆ. ಅಂದ್ರೆ ನೀವು ಹುಟ್ಟೋಕೆ ಇನ್ನೂರು ವರ್ಷ ಮುಂಚೆಯೇ ನಿಮ್ಮ ಪರವಾಗಿ ಒಬ್ಬ ಮಹಾನುಭಾವ ಅರ್ಜಿ ಹಾಕಿಟ್ಟಿದ್ದ.

ಹಾಗಿದ್ದೂ ಈ ಜಾತಿಗೆ ‘ಫ್ರೇಸಲ್ ವರ್ಬ್’ ಅನ್ನೋ ಹೆಸರು ಪುಸ್ತಕದ ಮೂಲಕ ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದಾಗ. ಆಮೇಲೆ 1989ರ ಆಕ್ಸ್‌ಫರ್ಡ್ ದೊಡ್ಡ ಡಿಕ್ಷನರಿಯಲ್ಲಿ ‘ಸೆಟ್’ ಅನ್ನೋ ಒಂದೇ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟರು. ವಿವರಣೆಗೇ ಸುಮಾರು 60,000 ಪದ ಹಿಡೀತಂತೆ. ಒಂದು ಕಾದಂಬರಿಯಷ್ಟಾಯ್ತು! ನೀವು ಅಪಾಯಿಂಟ್‌ಮೆಂಟ್ ಸೆಟ್ಟು, ದೋಸೆ ಸೆಟ್ಟು ಅಂತ ಎರಡರಲ್ಲಿ ಜೀವನ ಸಾಗಿಸ್ತಿದ್ದೀರಿ.

ಈಗ ನಿಮ್ಮ ಪರಿಹಾರ ಮಾರ್ಗಕ್ಕೆ ಬರೋಣ. ಪ್ರತಿ ಜನವರಿ ಒಂದನೇ ತಾರೀಖು ‘ಈ ವರ್ಷ ಇಂಗ್ಲಿಷ್ ಇಂಪ್ರೂವ್ ಮಾಡೇ ಮಾಡ್ತೀನಿ’ ಅಂತ ಒಂದು ಶಪಥ ಆಗುತ್ತೆ, ಅಲ್ವೇ? ಅಪ್ಪನ ಕಾಲದಲ್ಲಿ ರ‍್ಯಾಪಿಡೆಕ್ಸ್ ಪುಸ್ತಕ ಇತ್ತು, ಜಾಹೀರಾತಿನಲ್ಲಿ ಕಪಿಲ್ ದೇವ್ ನಗ್ತಾ ಇದ್ದರು. ಅದಕ್ಕೂ ಮುಂಚೆ ರೆನ್ ಅಂಡ್ ಮಾರ್ಟಿನ್. (ಆ ರೆನ್ ಸಾಹೇಬರು ‘ಬೋ ಜೆಸ್ಟ್’ ಅನ್ನೋ ರೋಚಕ ಕಾದಂಬರಿ ಬರೆದ ಭೂಪ. ನಮಗೆ ಮಾತ್ರ ವ್ಯಾಕರಣ ಕೊಟ್ಟು ಹೋದ್ರು ನೋಡಿ.) ಈಗ ನಿಮ್ಮ ಫೋನಿನಲ್ಲಿ ‘ದಿನಕ್ಕೊಂದು ಈಡಿಯಮ್’ ಆ್ಯಪ್ ಇದೆ.

ಆ ಆ್ಯಪ್ ಎಲ್ಲಿವರೆಗೆ ಬಂತು? ‘ಎ’ ಮುಗಿದು ‘ಬಿ’ಗೆ ಬಂದಿರುತ್ತೆ, ಸಂಕ್ರಾಂತಿ ಎಳ್ಳು ಬೀರೋ ಹೊತ್ತಿಗೆ ಮರೆತಿರ್ತೀರಿ. ಹಾಗಾಗಿ ನಿಮಗೆ ಬರೋ ಈಡಿಯಮ್‌ಗಳೆಲ್ಲ ಎ ಅಥವಾ ಬಿ ಇಂದಲೇ ಶುರುವಾಗೋವು. ‘ಅಟ್ ದಿ ಎಂಡ್ ಆಫ್ ದಿ ಡೇ’ ಅಂತ ಬೆಳಿಗ್ಗೆ ಒಂಬತ್ತೂವರೆಗೇ ಶುರು ಹಚ್ಕೊಳ್ತೀರಿ. ಹೊಸ ಮಾತು ಸಿಕ್ಕ ಖುಷಿಗೆ ಅದನ್ನ ತರಕಾರಿಯವನ ಹತ್ತಿರವೂ ಬಿಡೋದಿಲ್ಲ.

ಈ ಚಟ ಇಂಗ್ಲಿಷಿನವರಿಗೂ ಇತ್ತು. 1738ರಲ್ಲಿ ಜೊನಾಥನ್ ಸ್ವಿಫ್ಟ್ ಒಂದು ಪುಸ್ತಕ ಬರೆದು, ದೊಡ್ಡ ಮನೆಗಳಲ್ಲಿ ಕೂತು ಸವೆದ ಮಾತುಗಳನ್ನೇ ಉರುಳಿಸೋ ಜನರನ್ನ ಚೆನ್ನಾಗಿ ಆಡ್ಕೊಂಡ. ಬೆಕ್ಕು ನಾಯಿ ಮಳೆಯಾಗಿ ಸುರಿಯೋ ಆ ‘ಕ್ಯಾಟ್ಸ್ ಅಂಡ್ ಡಾಗ್ಸ್’ ಅದರಲ್ಲೇ ಬರುತ್ತೆ. ಆಗಲೇ ಗೇಲಿಗೆ ಸಿಕ್ಕಿದ್ದ ಮಾತು ಅದು. ಇವತ್ತು ಲಂಡನ್ನಿನಲ್ಲಿ ಮಳೆ ಬಂದರೆ ಯಾರೂ ಅಷ್ಟಾಗಿ ಹಾಗನ್ನೋದಿಲ್ಲ. ನಮ್ಮ ಹೈಸ್ಕೂಲು ನೋಟ್‌ಬುಕ್ಕಿನಲ್ಲಿ ಮಾತ್ರ ಬೆಕ್ಕು ನಾಯಿ ಇನ್ನೂ ಸುರೀತಾ ಇವೆ.

ಇಷ್ಟೆಲ್ಲ ಒದ್ದಾಡೋ ನೀವು ಕನ್ನಡದಲ್ಲಿ ಮಾಡೋ ಸರ್ಕಸ್ ನೋಡಿದ್ರೆ ಜಾನ್ಸನ್ ಸಾಹೇಬರು ಪೆನ್ನು ಕೆಳಗಿಡ್ತಿದ್ರು. ‘ಬಿಡು’ ಅನ್ನೋ ಒಂದು ಮಾತು ತಗೊಳ್ಳಿ. ‘ಅವನು ಸಿಗರೇಟು ಬಿಟ್ಟ’ ಅಂದ್ರೆ ಈಗ ಸಿಗರೇಟು ಇಲ್ಲ. ‘ಅವನು ಮೀಸೆ ಬಿಟ್ಟ’ ಅಂದ್ರೆ? ಈಗ ಮೀಸೆ ಇದೆ! ಮಳೆ ಬಿಟ್ಟರೆ ಮಳೆ ಹೋಯ್ತು, ಗಿಡ ಹೂ ಬಿಟ್ಟರೆ ಹೂ ಬಂತು. ಇದನ್ನ ಪರಭಾಷೆಯವನಿಗೆ ಕೂರಿಸಿ ಹೇಳಿಕೊಡಿ ನೋಡೋಣ.

ಅಲ್ಲಿಗೇ ನಿಲ್ಲೋದಿಲ್ಲ. ಹುಡುಗ ಸ್ಕೂಲು ಬಿಟ್ಟ ಅಂದ್ರೆ ಮನೆಯವರ ಎದೆ ಧಸಕ್ ಅನ್ನುತ್ತೆ, ಸ್ಕೂಲು ಬಿಡ್ತು ಅಂದ್ರೆ ಆಟೋದವನು ಗಾಡಿ ಸ್ಟಾರ್ಟ್ ಮಾಡ್ತಾನೆ. ರೈಲು ಬಿಡೋ ಕೆಲಸ ರೈಲ್ವೆಯವರದ್ದು, ಆದರೆ ನಿಮ್ಮ ಭಾವಮೈದುನ ಪ್ರತಿ ಹಬ್ಬಕ್ಕೂ ಬಂದು ಸೋಫಾ ಮೇಲೆ ಕೂತೇ ಬಿಡ್ತಾನಲ್ಲ? ನೋಡಿ, ‘ಕೂತೇ ಬಿಡ್ತಾನೆ’ ಅಂತ ಬರೀತಿದ್ದ ಹಾಗೆ ಇನ್ನೊಂದು ‘ಬಿಡು’ ಬಂದು ಕೂತುಬಿಡ್ತು.

ಇನ್ನು ಧಾರವಾಡದ ಕಡೆಯ ‘ಹಚ್ಚು’ ಕೇಳಿದ್ದೀರಾ? ದೀಪ ಹಚ್ಚತಾರ, ತಲಿಗೆ ಎಣ್ಣಿ ಹಚ್ಚತಾರ, ಅಲ್ಲಿಗೆ ಸರಿ. ಮಗನ್ನ ಸಾಲಿಗೆ ಹಚ್ಚತಾರ. ಟಿವಿ ಹಚ್ಚತಾರ. ಫೋನೂ ಹಚ್ಚತಾರ! ಮೈಸೂರಿನಿಂದ ಹೊಸದಾಗಿ ಹುಬ್ಬಳ್ಳಿಗೆ ವರ್ಗವಾದವರಿಗೆ ‘ಸಾಹೇಬರಿಗೆ ಒಂದು ಫೋನ್ ಹಚ್ರಿ’ ಅಂದ್ರೆ ಅವರು ಬೆಂಕಿಪೊಟ್ಟಣ ಹುಡುಕಬೇಕಾ? ಹುಡುಕೋದಿಲ್ಲ. ಹೇಳಿದವರ ಮುಖ ನೋಡ್ತಾರೆ, ಮೇಜಿನ ಮೇಲಿರೋ ಫೋನ್ ನೋಡ್ತಾರೆ, ಡಯಲ್ ಮಾಡ್ತಾರೆ. ಮಂಗಳೂರಿಗೆ ಹೋದರೆ ‘ಮಂಡೆ ಬಿಸಿ ಮಾಡ್ಬೇಡಿ ಮಾರಾಯ್ರೆ’ ಅಂತಾರೆ, ಯಾರೂ ಥರ್ಮಾಮೀಟರ್ ಕೇಳೋದಿಲ್ಲ.

ಹಾಂ, ಈಗ ಗುಟ್ಟಿನ ಮಾತು. ಫ್ರೇಸಲ್ ವರ್ಬ್ ನಂಗೆ ಬರಲ್ಲ ಅಂತ ಕೊರಗ್ತೀರಲ್ಲ, ನೀವು ಬೆಳಗಿನಿಂದ ರಾತ್ರಿವರೆಗೂ ಅದರಲ್ಲೇ ಮುಳುಗಿದ್ದೀರಿ. ಸ್ಕೂಟರ್ ‘ಪಿಕಪ್ ಚೆನ್ನಾಗಿದೆ’ ಅಂತೀರಿ. ಎದುರುಮನೆಯವರು ‘ಸಖತ್ ಬಿಲ್ಡಪ್ ಕೊಡ್ತಾರೆ’ ಅಂತೀರಿ. ಸಿನಿಮಾದಲ್ಲಿ ಹೀರೋ ‘ಗೆಟಪ್’ ಬದಲಾಯಿಸಿದ, ಶೂಟಿಂಗ್ ‘ಪ್ಯಾಕಪ್’ ಆಯ್ತು, ಟಾಕೀಸಿನ ಮುಂದೆ ‘ಕಟೌಟ್’ ಎದ್ದು ನಿಲ್ತು, ಅದಕ್ಕೆ ಹಾಲಿನ ಅಭಿಷೇಕವೂ ಆಯ್ತು. ‘ಗುರು, ಇದು ವರ್ಕೌಟ್ ಆಗಲ್ಲ’ ಅಂತ ಟೀ ಅಂಗಡಿಯಲ್ಲಿ ತೀರ್ಪು ಕೊಟ್ರಿ.

ಇವೆಲ್ಲ ಏನು ಅಂದ್ಕೊಂಡ್ರಿ? ಪಿಕ್ ಅಪ್, ಬಿಲ್ಡ್ ಅಪ್, ಗೆಟ್ ಅಪ್, ಪ್ಯಾಕ್ ಅಪ್, ಕಟ್ ಔಟ್, ವರ್ಕ್ ಔಟ್. ಹಿಡಿದು ತಂದು, ಬೆನ್ನಿಗೊಂದು ‘ಮಾಡು’, ‘ಆಗು’, ‘ಕೊಡು’ ಕಟ್ಟಿ ದುಡಿಸ್ಕೊಳ್ತಿದ್ದೀರಿ. ‘ಬಿಲ್ಡಪ್ ಕೊಡೋದು’ ಅನ್ನೋದನ್ನ ನಾವು ಹೇಳೋ ಅರ್ಥದಲ್ಲಿ ಲಂಡನ್ನಿನವನಿಗೆ ಹೇಳಿ, ಅವನು ನಿಮ್ಮ ಹಾಗೇ ತಲೆಯಾಡಿಸ್ತಾನೆ. ಪಿಯುಸಿ ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಅಂತ ಬಂದಾಗ ಮಾತ್ರ ಕೈ ನಡುಗಿದ್ದು ಯಾಕೋ!

ಇಂಗ್ಲಿಷ್ ಮನೆಮಾತಿನವರು ಅವರವರಲ್ಲೇ ಎಡವಟ್ಟು ಮಾಡ್ಕೊಳ್ಳೋದೂ ಉಂಟು. ಎರಡನೇ ಮಹಾಯುದ್ಧದ ಸಮಯದಲ್ಲಿ ಇಂಗ್ಲೆಂಡಿನ ಅಧಿಕಾರಿಗಳು ಒಂದು ಕಾಗದಪತ್ರವನ್ನ ‘ಟೇಬಲ್’ ಮಾಡೋಣ ಅಂದರು. ಅಮೆರಿಕದವರು ಬೇಡವೇ ಬೇಡ ಅಂದರು. ಜೋರು ವಾಗ್ವಾದ. ಇಂಗ್ಲೆಂಡಿನಲ್ಲಿ ‘ಟೇಬಲ್’ ಅಂದ್ರೆ ಈಗಲೇ ಚರ್ಚೆಗೆ ತಗೊಳ್ಳೋದು, ಅಮೆರಿಕದಲ್ಲಿ ಸದ್ಯಕ್ಕೆ ಮೂಲೆಗಿಡೋದು. ಕೊನೆಗೆ ನೋಡಿದ್ರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ! ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಇದನ್ನ ಬರೆದಿದ್ದಾರೆ.

ಹಂಗಂತ ಎಲ್ಲಾ ನಂದೇ ಸರಿ ಅಂತ ಎದೆಯುಬ್ಬಿಸಬೇಡಿ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬರೋಕೆ ಹೋಗಿರ್ತೀರಿ. ಪಕ್ಕದ ಮನೆ ಅಜ್ಜಿಗೆ ಹೆಮ್ಮೆಯಿಂದ ‘ಮೈ ಡಾಟರ್ ಪಾಸ್ಡ್ ಔಟ್ ಲಾಸ್ಟ್ ಇಯರ್’ ಅಂತೀರಿ. ಆ ಅಜ್ಜಿ ಗಾಬರಿಯಿಂದ ನಿಮ್ಮ ಕೈ ಹಿಡ್ಕೊಂಡು ‘ಈಗ ಹುಷಾರಾಗಿದಾಳಾ?’ ಅಂತ ಕೇಳ್ತಾಳೆ. ಅವರಿಗೆ ಅದು ಪ್ರಜ್ಞೆ ತಪ್ಪಿ ಬೀಳೋದು. (ಮಿಲಿಟರಿಯ ಪಾಸಿಂಗ್ ಔಟ್ ಪರೇಡ್ ನೆನಪಿಸಿಕೊಳ್ಳಿ, ನಮ್ಮ ಅರ್ಥಕ್ಕೂ ಒಂದು ಆಧಾರ ಇದೆ. ಆದರೆ ಆ ಅಜ್ಜಿಗೆ ಪರೇಡ್ ತೋರಿಸೋಕಾಗುತ್ತಾ?)

‘ಪ್ರೀಪೋನ್’ ಬಗ್ಗೆ ಮಾತ್ರ ಯಾರಾದರೂ ನಕ್ಕರೆ ಬಿಡಬೇಡಿ. ಪೋಸ್ಟ್‌ಪೋನ್ ಇದ್ದ ಮೇಲೆ ಪ್ರೀಪೋನ್ ಯಾಕಿರಬಾರದು? ಎಷ್ಟು ಚೊಕ್ಕವಾದ ಪದ! ಆಕ್ಸ್‌ಫರ್ಡ್‌ನವರೇ ಡಿಕ್ಷನರಿಯೊಳಗೆ ಕರೆದು ಕೂರಿಸಿದ್ದಾರೆ. ‘ಔಟ್ ಆಫ್ ಸ್ಟೇಷನ್’ ಬಿಳಿ ಸಾಹೇಬರು ಪೋಸ್ಟಿಂಗ್ ಇದ್ದ ಊರಿಗೆ ಸ್ಟೇಷನ್ ಅಂತಿದ್ದ ಕಾಲದ್ದು. ಅವರು ಹೋದರು, ನಾವು ರಜೆ ಚೀಟಿಯಲ್ಲಿ ಇನ್ನೂ ಕಾಪಾಡ್ತಿದ್ದೀವಿ. ‘ಡೂ ದಿ ನೀಡ್‌ಫುಲ್’ ಕೂಡ ಹಾಗೇ, ಅವರು ಬರೆದು ಬರೆದು ಬಿಟ್ಟಿದ್ದನ್ನ ನಾವು ಎತ್ಕೊಂಡ್ವಿ.

ಆದರೆ ಆ ‘ಕೋಪ್ ಅಪ್ ವಿತ್’ ಇದೆಯಲ್ಲ, ಅದಕ್ಕೆ ನನ್ನ ವಕಾಲತ್ತಿಲ್ಲ. ಅಲ್ಲಿ ‘ಅಪ್’ ಯಾಕೆ ಬೇಕು? ‘ಡಿಸ್ಕಸ್ ಅಬೌಟ್’, ‘ರಿಟರ್ನ್ ಬ್ಯಾಕ್’ ಅಂತೀರಿ, ಬೇಡದ ಕಡೆ ತುರುಕ್ತೀರಿ. ಬೇಕಾದ ಕಡೆ ಮಾತ್ರ ಭಾರೀ ಜಿಪುಣತನ: ‘ಸಂಜೆ ಮೆಟ್ರೋ ಹತ್ರ ಬಂದು ಪಿಕ್ ಮಿ’ ಅಂತ ಹೆಂಡತಿಗೆ ಮೆಸೇಜು. ಅಪ್ ಎಲ್ಲಿ ಸ್ವಾಮಿ? ಕೋಪ್ ಹತ್ತಿರ ಖರ್ಚಾಗಿಹೋಯ್ತಾ?

ಹಾಗಾದ್ರೆ ಕಲಿಯೋದು ಹೆಂಗೆ ಅಂತೀರಾ? ಪಟ್ಟಿ ಬಾಯಿಪಾಠ ಮಾಡಿ ಯಾರೂ ಕಲಿತಿದ್ದಿಲ್ಲ. ‘ಮಂಗಳಾರತಿ ಎತ್ತೋದು’ ಅಂದ್ರೆ ಏನು ಅಂತ ನಿಮಗೆ ಯಾವ ಮೇಷ್ಟ್ರು ಹೇಳಿಕೊಟ್ಟರು? ಮಾರ್ಕ್ಸ್ ಕಾರ್ಡು ಕೈಯಲ್ಲಿ, ಅಮ್ಮನ ಗಂಟಲು ಮೇಲೆ, ಪಕ್ಕದಲ್ಲಿ ಅಕ್ಕ ಮುಸಿಮುಸಿ ನಗ್ತಾ ‘ಇವತ್ತು ನಿನಗೆ ಸರಿಯಾಗಿ ಮಂಗಳಾರತಿ ಆಯ್ತು’ ಅಂದ್ಲು. ಮುಗೀತು. ಕರ್ಪೂರ, ತಟ್ಟೆ, ಗಂಟೆ ಯಾವುದೂ ಕಾಣದಿದ್ದರೂ ಅರ್ಥ ಬೆನ್ನಿಗೆ ಬಿತ್ತು. ಇಂಗ್ಲಿಷಿನದ್ದೂ ಹಾಗೇ, ಯಾರು, ಯಾರಿಗೆ, ಯಾವ ಮುಖ ಮಾಡ್ಕೊಂಡು ಅಂದ್ರು ಅನ್ನೋದರ ಸಮೇತ ಹಿಡಿದ್ರೆ ಮಾತ್ರ ನಿಲ್ಲುತ್ತೆ.

ಆಗಲೂ ಹಿಡಿತಕ್ಕೆ ಸಿಗದಿದ್ರೆ ಬಾಯಿ ಬಿಟ್ಟು ಕೇಳಿ. ಒಂದು ಸಲ ಮಾಡಿ ನೋಡಿ. ಮುಂದಿನ ಕಾಲ್‌ನಲ್ಲಿ ನಿಮ್ಮ ಮ್ಯಾನೇಜರು ಗಂಭೀರವಾಗಿ ‘ವಿ ನೀಡ್ ಟು ಮೂವ್ ದಿ ನೀಡಲ್’ ಅಂತಾನೆ. ನೀವು ಮೈಕ್ ಆನ್ ಮಾಡಿ, ಮುಖದ ಮೇಲೆ ಒಂದಿಷ್ಟೂ ಸಂಕೋಚ ಇಲ್ಲದೆ ‘ಸಾರ್, ಯಾವ ನೀಡಲ್?’ ಅನ್ನಿ. ಒಂದು ನಿಮಿಷ ಯಾರೂ ಉಸಿರಾಡೋದಿಲ್ಲ. ಆಮೇಲೆ ಪುಣೆಯವನು ಅನ್‌ಮ್ಯೂಟ್ ಮಾಡಿ ‘ನಾನೂ ಅದನ್ನೇ ಕೇಳಬೇಕಂತಿದ್ದೆ’ ಅಂತಾನೆ. ಚೆನ್ನೈಯವಳು ‘ಮೀ ಟೂ’ ಅಂತಾಳೆ. ಎಲ್ಲರ ಕಣ್ಣೂ ಮ್ಯಾನೇಜರ ಮೇಲೆ. ಅವನು ಆ ಮಾತನ್ನ ಅವನ ಬಾಸ್ ಬಾಯಿಂದ ಹಿಂದಿನ ವಾರವಷ್ಟೇ ಕೇಳಿರ್ತಾನೆ. ಒಮ್ಮೆ ಕೆಮ್ಮಿ, ನೀರು ಕುಡಿದು, ‘ಗುಡ್ ಕ್ವೆಶ್ಚನ್. ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಅಂತಾನೆ. (ಅಂದ್ರೆ ‘ಈಗ ಬೇಡ, ಸುಮ್ನಿರಯ್ಯಾ’ ಅಂತ. ಇದನ್ನಂತೂ ಗೂಗಲ್ ಮಾಡೋ ಅಗತ್ಯ ಇಲ್ಲ.)